ಸಂಸಾರ ಗುಟ್ಟು, ವ್ಯಾಧಿ ರಟ್ಟು

(ಮಹಿಳಾ ವೇದಿಕೆಯ ಆನ್‌ಲೈನ್ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಹೋದ ಸಲ ನಾನು ಇಲ್ಲಿ ಸೈಬರ್ ವಂಚನೆಯ ಬಗ್ಗೆ ಮಾತನಾಡಿದ್ದೆ. ಅದು ನನ್ನ ಕೆಲಸಕ್ಕೆ ಹತ್ತಿರದ ವಿಷಯ. ಇವತ್ತಿನದು ನನ್ನ ಮನೆಗೆ ಹತ್ತಿರದ ವಿಷಯ. ಮನೆಯವರೊಬ್ಬರು ಕುಡಿತಕ್ಕೋ, ಮಾತ್ರೆಗೋ, ಇನ್ನಾವುದೋ ಮಾದಕ ವಸ್ತುವಿಗೋ ಅಂಟಿಕೊಂಡಾಗ ಅದನ್ನು ಗುರುತಿಸುವುದು ಹೇಗೆ, ಏನು ಮಾಡಬೇಕು, ಏನು ಮಾಡಬಾರದು ಎಂಬುದು ವಿಷಯ. ನಾನು ವೈದ್ಯಳಲ್ಲ. ಒಬ್ಬ ತಮ್ಮನ ಅಕ್ಕನಾಗಿ ಮಾತನಾಡುತ್ತೇನೆ. ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. "ಹೆಸರ ಒಂದ್ ಹೇಳಬ್ಯಾಡ ಅಕ್ಕಾ, ಉಳಿದದ್ದೆಲ್ಲಾ ಹೇಳು" ಅಂದಿದ್ದಾನೆ.

ನಮ್ಮಲ್ಲಿ ಒಂದು ಗಾದೆ ಇದೆ: ಸಂಸಾರ ಗುಟ್ಟು, ವ್ಯಾಧಿ ರಟ್ಟು. ಸಂಸಾರದ ಮಾತು ಮನೆಯೊಳಗೇ ಇರಲಿ, ರೋಗವನ್ನು ಮಾತ್ರ ನಾಲ್ಕು ಜನಕ್ಕೆ ಹೇಳು, ಯಾರಿಗಾದರೂ ಮದ್ದು ಗೊತ್ತಿರುತ್ತದೆ ಅಂತ. ನಮ್ಮ ಹಿರಿಯರು ಇಷ್ಟು ಸ್ಪಷ್ಟವಾಗಿ ಹೇಳಿದ್ದರೂ ನಾವು ಚಟವನ್ನು ವ್ಯಾಧಿಯ ಲೆಕ್ಕಕ್ಕೆ ಹಾಕದೆ ಸಂಸಾರದ ಲೆಕ್ಕಕ್ಕೆ ಹಾಕಿಬಿಟ್ಟಿದ್ದೇವೆ. ಆ ಒಂದು ತಪ್ಪಿನಿಂದ ನಮ್ಮ ಮನೆಯಲ್ಲಿ ಒಂದು ಜೀವ ಹೋಗುವುದರಲ್ಲಿತ್ತು.

ಮೊದಲು ನಮ್ಮ ಊರುಗಳ ಮಾತು. ನಾಸಿಕ್ ಅಂದರೆ ದ್ರಾಕ್ಷಿ, ವೈನ್. ಸಂಭಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಬಿಯರ್ ಕಾರ್ಖಾನೆಗಳಿವೆ. ಇವು ಕಾನೂನುಬದ್ಧ, ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ 2023ರ ಅಕ್ಟೋಬರ್ ತಿಂಗಳಲ್ಲಿ ಬೇರೆಯೇ ಸುದ್ದಿ ಬಂತು. ನಾಸಿಕ್ ರೋಡ್ ಆಚೆಗಿನ ಶಿಂದೆ ಗ್ರಾಮದಲ್ಲಿ ಮೆಫೆಡ್ರೋನ್ ತಯಾರಿಸುತ್ತಿದ್ದ ಒಂದು ಕಾರ್ಖಾನೆಯ ಮೇಲೆ ಮುಂಬೈ ಪೊಲೀಸರು ದಾಳಿ ಮಾಡಿದರು. ಹಿಡಿದ ಮಾಲಿನ ಬೆಲೆ ಸುಮಾರು 300 ಕೋಟಿ ರೂಪಾಯಿ ಎಂದು ಪತ್ರಿಕೆಗಳು ಬರೆದವು. ಅದೇ ತಿಂಗಳು ಸಂಭಾಜಿನಗರ ಮತ್ತು ಪೈಠಣದಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದವರು ಕೊಕೇನ್, ಕೆಟಮಿನ್, ಮೆಫೆಡ್ರೋನ್ ಹಿಡಿದರು. ಪೈಠಣ ಅಂದರೆ ನಮಗೆ ಏಕನಾಥ ಮಹಾರಾಜರ ಊರು, ಪೈಠಣಿ ಸೀರೆಯ ಊರು. ಆ ಹೆಸರು ಈ ಸುದ್ದಿಯಲ್ಲಿ ಬಂದಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಗಾಬರಿಯಾಗಿದ್ದೆವು.

ದೊಡ್ಡ ದಾಳಿಗಳ ಸುದ್ದಿ ಓದಿ ನಾವು "ಅಯ್ಯೋ" ಅಂದು ಮುಂದೆ ಹೋಗುತ್ತೇವೆ. ಮನೆಯೊಳಗಿನದು ಕಾಣುವುದಿಲ್ಲ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಮದ್ಯಕ್ಕೆ ಪೂರ್ತಿ ಅಂಟಿಕೊಂಡವರಲ್ಲಿ 38 ಜನಕ್ಕೆ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿದ್ದರು. ಉಳಿದ 37 ಜನರ ಮನೆಯಲ್ಲಿ ಏನು ನಡೆಯುತ್ತಿರುತ್ತದೆ? ನಮ್ಮ ಮನೆಯಲ್ಲಿ ನಡೆದದ್ದೇ ನಡೆಯುತ್ತಿರುತ್ತದೆ.

ನನ್ನ ತಮ್ಮ ಸಂಭಾಜಿನಗರದ ವಾಳೂಜಿನಲ್ಲಿ ಶಿಫ್ಟ್ ಇಂಜಿನಿಯರ್. ನಾನು ನಾಸಿಕ್‌ನಲ್ಲಿ. ಮಧ್ಯೆ ಸುಮಾರು 180 ಕಿಲೋಮೀಟರ್. ಹಬ್ಬಕ್ಕೆ, ರಜಕ್ಕೆ ತಪೋವನ ಎಕ್ಸ್‌ಪ್ರೆಸ್ ಹಿಡಿದು ಬರುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ವಿಜಯಪುರದ ಮನೆ ಬಿಟ್ಟು ಅವ್ವ ನನ್ನ ಜೊತೆ ಇದ್ದಾಳೆ.

ಮೊದಲು ಬದಲಾದದ್ದು ಫೋನ್. ದಿನಾ ರಾತ್ರಿ ಅವ್ವನಿಗೆ ಮಾಡುತ್ತಿದ್ದ ಫೋನ್ ವಾರಕ್ಕೆ ಒಂದಾಯಿತು. ಆಮೇಲೆ ಹಣ. "ಅಕ್ಕಾ, ಈ ತಿಂಗಳ ಸ್ವಲ್ಪ ಕಡಿಮಿ ಬಿದ್ದದ" ಅಂತ ಮೆಸೇಜು. ಎರಡು ಸಾವಿರ, ಐದು ಸಾವಿರ. ಬೈಕ್ ರಿಪೇರಿ, ರೂಮಿನ ಡಿಪಾಜಿಟ್ಟು, ಗೆಳೆಯನ ಆಸ್ಪತ್ರೆ ಖರ್ಚು. ಮದುವೆ-ಮುಂಜಿಗೆ ಬರುವುದು ಬಿಟ್ಟ. ಬಂದರೂ ಮಧ್ಯಾಹ್ನದವರೆಗೆ ಮಲಗಿರುತ್ತಿದ್ದ. ಬೆಳಿಗ್ಗೆ ಚಹಾದ ಬಟ್ಟಲು ಹಿಡಿದರೆ ಕೈ ನಡುಗುತ್ತಿತ್ತು. "ನೈಟ್ ಶಿಫ್ಟ್ ಅಲ್ಲೇನ, ನಿದ್ದಿ ಇಲ್ಲ ಪಾಪ" ಅಂತ ಅವ್ವನೇ ಉತ್ತರ ಹೇಳುತ್ತಿದ್ದಳು. ಅವನು ಸುಳ್ಳು ಹೇಳುವ ಮೊದಲೇ ನಾವು ಅವನ ಪರವಾಗಿ ಸುಳ್ಳು ತಯಾರಿಸಿ ಇಡುತ್ತಿದ್ದೆವು.

ಹಾಗಾದರೆ ಏನನ್ನು ಗಮನಿಸಬೇಕು? ಯಾವ ಒಂದು ಲಕ್ಷಣವೂ ಸಾಕ್ಷಿಯಲ್ಲ. ಹದಿಹರೆಯದ ಮಗ ಬಾಗಿಲು ಹಾಕಿಕೊಂಡು ಕೂತರೆ ಅದು ಚಟವೇ ಆಗಬೇಕಿಲ್ಲ. ಪರೀಕ್ಷೆಯ ಭಯ ಇರಬಹುದು, ಖಿನ್ನತೆ ಇರಬಹುದು. ನಾವು ಸಾಫ್ಟ್‌ವೇರ್‌ನವರು ಸಿಸ್ಟಂ ಕೆಟ್ಟಾಗ ಒಂದೇ ಸಾಲು ನೋಡಿ ತೀರ್ಮಾನಿಸುವುದಿಲ್ಲ, ಹಲವು ದಿನಗಳ ಲಾಗ್ ನೋಡುತ್ತೇವೆ. ಹಾಗೆಯೇ ನಾಲ್ಕು ಕಡೆ ನೋಡಿ: ಹಣ, ನಿದ್ದೆ-ಊಟ, ಗೆಳೆಯರು, ಜವಾಬ್ದಾರಿ. ಈ ನಾಲ್ಕರಲ್ಲಿ ಎರಡು-ಮೂರು ಒಟ್ಟಿಗೆ ಬದಲಾಗಿ, ಆ ಬದಲಾವಣೆ ವಾರಗಟ್ಟಲೆ ಮುಂದುವರಿದರೆ ಎಚ್ಚರವಾಗಿ. ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ. ಬೈಯಲಿಕ್ಕಲ್ಲ, ವೈದ್ಯರಿಗೆ ಹೇಳಲಿಕ್ಕೆ.

ವಸ್ತುವಿಗೆ ತಕ್ಕಂತೆ ಲಕ್ಷಣವೂ ಬೇರೆ. ಕುಡಿತದಲ್ಲಿ ಬೆಳಗಿನ ನಡುಕ, ವಾಂತಿ, ಒಂದು ಗುಟುಕು ಬಿದ್ದ ಮೇಲೆ ಸರಿಯಾಗುವುದು. ಎಂಡಿ ಅಂತ ಕರೆಯುವ ಮೆಫೆಡ್ರೋನ್ ಉದ್ರೇಕಕಾರಿ: ಎರಡು-ಮೂರು ದಿನ ನಿದ್ದೆ ಇಲ್ಲ, ಹಸಿವಿಲ್ಲ, ಸರಸರ ಮಾತು, ಹಲ್ಲು ಕಡಿಯುವುದು, ಎಲ್ಲರ ಮೇಲೂ ಅನುಮಾನ, ಆಮೇಲೆ ಇಡೀ ದಿನ ಹೆಣದಂತೆ ನಿದ್ದೆ. ಸಂಭಾಜಿನಗರದ ಹುಡುಗರ ಬಾಯಲ್ಲಿ 'ಬಟನ್' ಅನ್ನುವುದು ಅಂಗಿಯ ಗುಂಡಿಯಲ್ಲ, ನಿದ್ರೆ ಮಾತ್ರೆ. ಮಾತು ತೊದಲುವುದು, ತೂಗಾಡುವುದು, ಆದರೆ ಬಾಯಲ್ಲಿ ಸಾರಾಯಿ ವಾಸನೆ ಇಲ್ಲದಿರುವುದು ಅದರ ಗುರುತು. ಕೆಮ್ಮಿನ ಸಿರಪ್ಪಿನ ಖಾಲಿ ಬಾಟಲಿಗಳು ಒಂದಾದ ಮೇಲೊಂದು ಸಿಕ್ಕರೆ ಅದೂ ಗಮನಿಸಬೇಕಾದದ್ದೇ. ಚಿಕ್ಕ ಮಕ್ಕಳಲ್ಲಿ ವೈಟ್ನರ್, ಪಂಕ್ಚರ್ ಸಲ್ಯೂಷನ್ ಮೂಸುವುದುಂಟು. ಬಟ್ಟೆಗೆ, ಕರವಸ್ತ್ರಕ್ಕೆ ಆ ವಾಸನೆ ಇರುತ್ತದೆ.

ಇನ್ನೊಂದು ಮಾತು. ಚಟ ಅಂದರೆ ಗಂಡಸರದ್ದು ಅಂದುಕೊಳ್ಳುತ್ತೇವೆ. ಅದೇ ಸಮೀಕ್ಷೆಯ ಪ್ರಕಾರ ಮದ್ಯ ಸೇವಿಸುವವರು ಗಂಡಸರಲ್ಲಿ ಶೇ. 27.3, ಹೆಂಗಸರಲ್ಲಿ ಶೇ. 1.6. ಪ್ರಮಾಣ ಕಡಿಮೆ ನಿಜ. ಆದರೆ ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ನಿದ್ರೆ ಮಾತ್ರೆ ತರಿಸಿಕೊಳ್ಳುವ ಅತ್ತೆಯೋ ಚಿಕ್ಕಮ್ಮನೋ ನಮ್ಮ ಮನೆಗಳಲ್ಲಿ ಇದ್ದಾರೆ. ಅವರನ್ನೂ ಇದೇ ಪ್ರೀತಿಯಿಂದ ನೋಡಬೇಕು.

ಈಗ ನಾವು ಮಾಡಿದ ತಪ್ಪುಗಳು. ಮೊದಲನೆಯದು ಹಣ ಕಳಿಸುತ್ತಲೇ ಇದ್ದದ್ದು. ಎರಡನೆಯದು, ಅವನ ಸೂಪರ್‌ವೈಸರ್ ಫೋನ್ ಮಾಡಿದಾಗ "ಟೈಫಾಯಿಡ್ ಆಗಿದೆ" ಅಂತ ನಾನೇ ಸುಳ್ಳು ಹೇಳಿದ್ದು. ಮೂರನೆಯದು ಆಣೆ. ಅವ್ವ ತನ್ನ ತಲೆಯ ಮೇಲೆ ಕೈ ಇಡಿಸಿ ಆಣೆ ಮಾಡಿಸಿದಳು. ಅವನು ಅಳುತ್ತಲೇ ಮಾಡಿದ, ಹತ್ತು ದಿನಕ್ಕೆ ಮುರಿದ. ಆಮೇಲೆ ತಾಯಿಯ ಮೇಲಿನ ಆಣೆ ಮುರಿದ ಪಾಪಿ ನಾನು ಎಂಬ ಸಂಕಟಕ್ಕೆ ಇನ್ನಷ್ಟು ಕುಡಿದ. ಇದನ್ನು ಅವನೇ ಈಚೆಗೆ ಹೇಳಿದ್ದು.

ನಾಲ್ಕನೆಯದು ಹೇಳಲು ನನಗೆ ನಾಚಿಕೆಯಾಗುತ್ತದೆ. ಎಂಟೆಕ್ ಓದಿದ ನಾನು "ಅವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ" ಎಂಬ ಜಾಹೀರಾತು ನೋಡಿ ಪುಡಿ ತರಿಸಿದೆ. ಡಬ್ಬಿಯ ಮೇಲೆ ಅದರಲ್ಲಿ ಏನಿದೆ ಎಂದೇ ಬರೆದಿರಲಿಲ್ಲ. ಕುಡಿತ ಬಿಡಿಸಲು ಡೈಸಲ್ಫಿರಾಂ ಎಂಬ ಒಂದು ನಿಜವಾದ ಔಷಧಿ ಇದೆ. ಅದನ್ನು ತೆಗೆದುಕೊಂಡ ಮೇಲೆ ಕುಡಿದರೆ ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಪ್ರಾಣಕ್ಕೂ ಅಪಾಯ. ಅದಕ್ಕೇ ವೈದ್ಯರು ಅದನ್ನು ಪರೀಕ್ಷೆ ಮಾಡಿ, ರೋಗಿಗೆ ತಿಳಿಸಿ, ಅವರ ಒಪ್ಪಿಗೆಯಿಂದ ಮಾತ್ರ ಕೊಡುತ್ತಾರೆ. ಗುಟ್ಟಾಗಿ ಯಾವ ಪುಡಿಯನ್ನೂ ಯಾರ ಊಟಕ್ಕೂ ಬೆರೆಸಬೇಡಿ. ನಮ್ಮ ಅದೃಷ್ಟಕ್ಕೆ ಆ ಡಬ್ಬಿಯಿಂದ ಏನೂ ಆಗಲಿಲ್ಲ.

ಅನಾಹುತ ಆದದ್ದು ಐದನೆಯ ತಪ್ಪಿನಿಂದ. ಮೂರು ವರ್ಷದ ಹಿಂದಿನ ದೀಪಾವಳಿ. ಅವನು ನಾಸಿಕ್‌ಗೆ ಬಂದಿದ್ದ. ಫೋನು, ಪಾಕೀಟು ಎರಡನ್ನೂ ಕಿತ್ತುಕೊಂಡು ಹಿಂದಿನ ಕೋಣೆಯಲ್ಲಿ ಹಾಕಿ ಬೀಗ ಹಾಕಿದೆವು. ನಾಲ್ಕು ದಿನ ಕುಡಿಯದಿದ್ದರೆ ತಾನೇ ಬಿಟ್ಟುಹೋಗುತ್ತದೆ ಎಂಬುದು ನಮ್ಮ ಲೆಕ್ಕ. ಶುಕ್ರವಾರ ಸಂಜೆ ಬೀಗ ಹಾಕಿದ್ದು. ಶನಿವಾರ ಬೆವರು, ನಡುಕ, ಬೇಡಿಕೊಳ್ಳುವುದು. ನಾವು ಕಲ್ಲುಮನಸ್ಸು ಮಾಡಿಕೊಂಡೆವು. ಭಾನುವಾರ ಬೆಳಗಿನ ಜಾವ ಒಳಗೆ ಏನೋ ಬಿದ್ದ ಸದ್ದು. ಬೀಗ ತೆಗೆದರೆ ನೆಲದ ಮೇಲೆ ಫಿಟ್ಸ್ ಬಂದು ಒದ್ದಾಡುತ್ತಿದ್ದ.

108ಕ್ಕೆ ಫೋನ್ ಮಾಡಿದೆವು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ: ಕುಡಿಯುತ್ತಾರಾ? ಅವ್ವ ತಕ್ಷಣ, "ಇಲ್ಲರೀ, ನಮ್ಮ ಹುಡುಗ ಅಂಥಾವ ಅಲ್ಲ. ಉಪವಾಸ ಇದ್ದ, ನಿಶ್ಶಕ್ತಿ ಆಗಿರಬೇಕು" ಅಂದಳು. ಮಗ ಮಂಚದ ಮೇಲೆ ಪ್ರಜ್ಞೆ ಇಲ್ಲದೆ ಬಿದ್ದಿದ್ದಾನೆ, ತಾಯಿ ಮಾನ ಕಾಯುತ್ತಿದ್ದಾಳೆ. ನಾನು ಅವ್ವನನ್ನು ಪಕ್ಕಕ್ಕೆ ಸರಿಸಿ ಮರಾಠಿಯಲ್ಲಿ ಹೇಳಿದೆ: ದಿನಾ ಕುಡಿಯುತ್ತಾನೆ, ಶುಕ್ರವಾರದಿಂದ ಕುಡಿದಿಲ್ಲ, ನಾವೇ ಬೀಗ ಹಾಕಿದ್ದೆವು.

ಆ ವೈದ್ಯರು ಬೈಯಲಿಲ್ಲ. ಆಮೇಲೆ ನಮ್ಮನ್ನು ಕೂರಿಸಿಕೊಂಡು ವಿವರಿಸಿದರು. ಕಸಾರಾ ಘಾಟಿನ ಲಾರಿ ನೋಡಿದ್ದೀರಲ್ಲ, ಹಾಗೆ ಅಂದುಕೊಳ್ಳಿ. ಮದ್ಯ ಮೆದುಳಿಗೆ ಬ್ರೇಕು. ದಿನಾ ಬ್ರೇಕು ಒತ್ತಿ ಹಿಡಿದರೆ ಮೆದುಳು ತನ್ನನ್ನು ನಡೆಸಿಕೊಳ್ಳಲು ಆಕ್ಸಿಲರೇಟರನ್ನು ಅಷ್ಟೇ ಜೋರಾಗಿ ಒತ್ತಿಕೊಂಡಿರುತ್ತದೆ. ನೀವು ಒಂದೇ ಸಲಕ್ಕೆ ಬ್ರೇಕು ಕಿತ್ತರೆ ಆಕ್ಸಿಲರೇಟರ್ ಮಾತ್ರ ಉಳಿಯುತ್ತದೆ. ಆಗ ಫಿಟ್ಸ್ ಬರುತ್ತದೆ, ಎರಡು-ಮೂರನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಬಡಬಡಿಸುವುದು, ವಿಪರೀತ ಜ್ವರ ಬರಬಹುದು, ಪ್ರಾಣವೂ ಹೋಗಬಹುದು. ನಿದ್ರೆ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೂ ಹೀಗೇ ಆಗುವುದುಂಟು. ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು ಮೆಲ್ಲಗೆ ಇಳಿಸುತ್ತಾರೆ. ಕುಡಿತ ಇದೆ ಎಂದು ಗೊತ್ತಿದ್ದರೆ ಗ್ಲೂಕೋಸ್‌ಗೆ ಮುಂಚೆಯೇ ಥಯಾಮಿನ್, ಅಂದರೆ ಬಿ1 ವಿಟಮಿನ್ ಕೊಡುತ್ತಾರೆ. ಇಲ್ಲದಿದ್ದರೆ ಮೆದುಳಿಗೆ ಶಾಶ್ವತ ಪೆಟ್ಟು ಬೀಳಬಹುದು. ಅವ್ವನ ಆ ಸುಳ್ಳನ್ನು ಅವರು ನಂಬಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ಈಗಲೂ ಯೋಚಿಸುತ್ತೇನೆ.

"ಎಷ್ಟು ದಿನದಿಂದ?" ಎಂದು ಕೇಳಿದರು. ಕಾರಿಡಾರಿನಲ್ಲಿ ಕೂತು ಬ್ಯಾಂಕಿನ ಆ್ಯಪ್ ತೆರೆದೆ. ಹನ್ನೊಂದು ತಿಂಗಳಲ್ಲಿ 43 ಸಲ, ಒಟ್ಟು 1,72,500 ರೂಪಾಯಿ ನಾನು ಕಳಿಸಿದ್ದೆ. ಉತ್ತರ ನನ್ನ ಫೋನಿನಲ್ಲೇ ಇತ್ತು.

ಹಾಗಾದರೆ ಏನು ಮಾಡಬೇಕು? ನಾನು ಕಲಿತದ್ದನ್ನು ಹೇಳುತ್ತೇನೆ.

ಅಮಲಿನಲ್ಲಿರುವಾಗ ಜಗಳಕ್ಕೆ ಹೋಗಬೇಡಿ. ಎಚ್ಚರವಿರುವಾಗ, ಒಬ್ಬರೇ ಕೂತು, ಕಂಡದ್ದನ್ನು ಮಾತ್ರ ಹೇಳಿ. "ನೀನು ಕುಡುಕ, ಮನೆತನ ಹಾಳು ಮಾಡಿದೆ" ಅಂದರೆ ಬಾಗಿಲು ಮುಚ್ಚಿತು. "ಈ ತಿಂಗಳು ನಾಲ್ಕು ಸಲ ಕೆಲಸಕ್ಕೆ ಹೋಗಿಲ್ಲ, ನಿನ್ನ ಕೈ ನಡುಗುವುದು ನೋಡಿ ನನಗೆ ಹೆದರಿಕೆಯಾಗಿದೆ, ಡಾಕ್ಟರ ಹತ್ತಿರ ಹೋಗೋಣ, ನಾನೂ ಬರುತ್ತೇನೆ" ಅಂದರೆ ಅದು ಕೇಳಿಸುತ್ತದೆ. ಮೊದಲ ಸಲವೇ ಒಪ್ಪದಿರಬಹುದು. ಐದನೆಯ ಸಲ ಒಪ್ಪಬಹುದು.

ಹಣ ಕೊಡುವುದು, ಸುಳ್ಳು ಹೇಳಿ ಕಾಪಾಡುವುದು ನಿಲ್ಲಿಸಿ. ಪ್ರೀತಿ ನಿಲ್ಲಿಸಬೇಡಿ. ಇದು ಬರೀ ಭಾವನೆಯ ಮಾತಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ರಾಬರ್ಟ್ ಮೇಯರ್ಸ್ ಮತ್ತು ಸಂಗಡಿಗರು ಮನೆಯವರಿಗಾಗಿ 'ಕ್ರಾಫ್ಟ್' ಎಂಬ ತರಬೇತಿ ರೂಪಿಸಿದರು. ಕುಡಿಯದ ದಿನ ಜೊತೆಗೆ ಕೂತು ಊಟ ಮಾಡುವುದು, ಕುಡಿದ ದಿನ ದೂರ ಸರಿಯುವುದು, ಕುಡಿತದ ಫಲವನ್ನು ಅವರೇ ಅನುಭವಿಸಲು ಬಿಡುವುದು, ಸರಿಯಾದ ಗಳಿಗೆ ನೋಡಿ ಚಿಕಿತ್ಸೆಯ ಮಾತೆತ್ತುವುದು, ತನ್ನ ಜೀವನವನ್ನೂ ನೋಡಿಕೊಳ್ಳುವುದು, ಇಷ್ಟನ್ನು ಅದರಲ್ಲಿ ಕಲಿಸುತ್ತಾರೆ. 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 130 ಮಂದಿ ಮನೆಯವರನ್ನು ಮೂರು ಗುಂಪು ಮಾಡಿ ನೋಡಿದರು. ಎಲ್ಲರೂ ಒಟ್ಟಾಗಿ ಮುಖಾಮುಖಿ ನಿಂತು ಒತ್ತಾಯಿಸುವ ಕ್ರಮದಲ್ಲಿ ಶೇ. 30ರಷ್ಟು ಜನ ಚಿಕಿತ್ಸೆಗೆ ಬಂದರೆ, ಕ್ರಾಫ್ಟ್ ಕಲಿತವರ ಮನೆಗಳಲ್ಲಿ ಶೇ. 64ರಷ್ಟು ಜನ ಬಂದರು. ದಂಡಿಸಿದ್ದಕ್ಕಿಂತ ಅನುನಯ ಹೆಚ್ಚು ಕೆಲಸ ಮಾಡಿತು.

ಎಲ್ಲಿಗೆ ಹೋಗಬೇಕು? ನಾಸಿಕ್‌ನಲ್ಲಿ ಜಿಲ್ಲಾ ಸಿವಿಲ್ ಆಸ್ಪತ್ರೆ, ಸಂಭಾಜಿನಗರದಲ್ಲಿ ಎಲ್ಲರೂ 'ಘಾಟಿ' ಅನ್ನುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ. ಅಲ್ಲಿ ಮನೋವೈದ್ಯರನ್ನು ಕೇಳಿ. ಪುಣೆಯಲ್ಲಿ ಮುಕ್ತಾಂಗಣ ಇದೆ. ಪತ್ರಕರ್ತ-ಲೇಖಕ ಅನಿಲ ಅವಚಟರು ಬ್ರೌನ್ ಶುಗರ್ ವ್ಯಸನಿಗಳ ಬಗ್ಗೆ ಬರೆದದ್ದನ್ನು ಓದಿ ಪು.ಲ. ದೇಶಪಾಂಡೆ ಮತ್ತು ಸುನೀತಾಬಾಯಿ ನೆರವಿಗೆ ಮುಂದಾದರು. ಅವಚಟರೂ ಅವರ ಪತ್ನಿ ಡಾ. ಅನಿತಾ ಅವಚಟರೂ ಸೇರಿ 1986ರಲ್ಲಿ ಅದನ್ನು ಆರಂಭಿಸಿದರು. ಅಲ್ಲಿ ಹೆಂಗಸರಿಗಾಗಿ 'ನಿಶಿಗಂಧ' ಎಂಬ ಬೇರೆ ವಿಭಾಗವೇ ಇದೆ. ಊರಿನಲ್ಲಿ ಬಂಧುಗಳಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಪ್ರತ್ಯೇಕ ಕೇಂದ್ರವಿದೆ. ಫೋನಿನಲ್ಲಿ ಕೇಳಬೇಕೆಂದರೆ ನಶಾಮುಕ್ತ ಭಾರತ ಸಹಾಯವಾಣಿ 14446, ಟೆಲಿ ಮಾನಸ್ 14416. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೂ ಮಾತನಾಡಬಹುದು. ನಮ್ಮ ಅವ್ವಂದಿರಿಗೆ ಇದು ದೊಡ್ಡ ಅನುಕೂಲ, ಮನಸ್ಸಿನ ಮಾತು ಮರಾಠಿಯಲ್ಲಿ ಬರುವುದಿಲ್ಲ ನೋಡಿ.

ಬೀಗ ಹಾಕಿ ಹೊಡೆದು ಬುದ್ಧಿ ಕಲಿಸುತ್ತೇವೆ ಅನ್ನುವ ಕೇಂದ್ರಗಳಿಗೆ ಸೇರಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ಘನತೆಯ ಹಕ್ಕು ಕೊಟ್ಟಿದೆ. ಸೇರಿಸುವ ಮುನ್ನ ಮೂರು ಪ್ರಶ್ನೆ ಕೇಳಿ: ನೋಂದಣಿ ಇದೆಯೇ? ಮನೋವೈದ್ಯರು ಯಾವ ದಿನ ಬರುತ್ತಾರೆ? ಮನೆಯವರು ಭೇಟಿಯಾಗಬಹುದೇ?

ಮಾದಕ ವಸ್ತು ಸಿಕ್ಕರೆ ಪೊಲೀಸ್ ಕೇಸಾಗುತ್ತದೆ ಎಂಬ ಹೆದರಿಕೆಯಿಂದ ಎಷ್ಟೋ ತಾಯಂದಿರು ಬಾಯಿ ಬಿಡುವುದಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಮಾನ್ಯತೆಯುಳ್ಳ ಚಿಕಿತ್ಸೆಗೆ ಬಂದರೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಪೂರ್ಣಗೊಳಿಸಬೇಕು ಎಂಬ ಷರತ್ತಿದೆ. ವಕೀಲರನ್ನು ಕೇಳಿ ತಿಳಿದುಕೊಳ್ಳಿ, ಹೆದರಿ ಸುಮ್ಮನಿರಬೇಡಿ.

ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ, ತುಟಿ ನೀಲಿಯಾದರೆ, ಫಿಟ್ಸ್ ಬಂದರೆ ಮಜ್ಜಿಗೆ, ನಿಂಬೆಹಣ್ಣು ಹುಡುಕಬೇಡಿ. ಬಾಯಿಗೆ ಏನೂ ಹಾಕದೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ, ಏನು ತೆಗೆದುಕೊಂಡಿದ್ದಾರೆಂದು ನಿಜ ಹೇಳಿ. ಮನೆಯಲ್ಲಿ ಹೊಡೆತ-ಬಡಿತ ಇದ್ದರೆ ಅದನ್ನು ಸಹಿಸುವುದು ಚಿಕಿತ್ಸೆಯಲ್ಲ. ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ. 112 ಇದೆ, ಮಹಿಳಾ ಸಹಾಯವಾಣಿ 181 ಇದೆ.

ನನ್ನ ತಮ್ಮನ ವಿಷಯಕ್ಕೆ ಬರುತ್ತೇನೆ. ಚಿಕಿತ್ಸೆಯಾಗಿ ಏಳು ತಿಂಗಳಿಗೆ ಮತ್ತೆ ಕುಡಿದ. ಅವ್ವ "ಎಲ್ಲಾ ನೀರಾಗ ಹೋತು" ಅಂತ ಅತ್ತಳು. ಸಕ್ಕರೆ ಕಾಯಿಲೆಯವರಿಗೆ ಮತ್ತೆ ಸಕ್ಕರೆ ಏರಿದರೆ ಔಷಧಿ ಸರಿಮಾಡುತ್ತೇವೆಯೇ ಹೊರತು ವೈದ್ಯವೇ ಸುಳ್ಳು ಅನ್ನುವುದಿಲ್ಲ ಎಂದು ವೈದ್ಯರು ಸಮಾಧಾನ ಹೇಳಿದರು. ಈ ಸಲ ಬೀಗ ಹಾಕಲಿಲ್ಲ, ಅವನೇ ಬಂದ. ಈಗ ಹದಿನಾರು ತಿಂಗಳಾಗಿದೆ. ನಾಳೆ ಏನೆಂದು ಗೊತ್ತಿಲ್ಲ, ಅವನೂ ದಿನಕ್ಕೊಂದು ದಿನ ಅಂತಲೇ ಲೆಕ್ಕ ಇಡುತ್ತಾನೆ. ಒಮ್ಮೆ ಹೇಳಿದ: "ನೀ ರೊಕ್ಕಾ ಕಳಸೋದು ನಿಲ್ಲಿಸಿದಾಗ ಭಾಳ ಸಿಟ್ಟು ಬಂದಿತ್ತು ಅಕ್ಕಾ. ಆದ್ರ ರಾತ್ರಿ ಫೋನ್ ಮಾಡೋದು ನೀ ನಿಲ್ಲಸ್ಲಿಲ್ಲ."

ಮಹಾರಾಷ್ಟ್ರದ ಹಳ್ಳಿಗಳಲ್ಲಿ ಹೆಂಗಸರು 'ಆಡವಿ ಬಾಟಲಿ'ಗೆ, ಅಂದರೆ ಅಡ್ಡ ಮಲಗಿದ ಬಾಟಲಿಯ ಚಿತ್ರಕ್ಕೆ ಮತ ಹಾಕಿ ಊರಿನ ಮದ್ಯದಂಗಡಿ ಮುಚ್ಚಿಸಿದ್ದನ್ನು ನೀವು ಕೇಳಿರುತ್ತೀರಿ. ಬೀದಿಯ ಅಂಗಡಿಯ ಬಗ್ಗೆ ಅವರು ಬಹಿರಂಗವಾಗಿ ಮಾತನಾಡಿದರು. ನಾವು ಮನೆಯೊಳಗಿನದರ ಬಗ್ಗೆ ಕನಿಷ್ಠ ಒಬ್ಬರ ಹತ್ತಿರ ಮಾತನಾಡೋಣ. ವೈದ್ಯರಾದರೂ ಸರಿ, ಸಹಾಯವಾಣಿಯಾದರೂ ಸರಿ, ಈ ವೇದಿಕೆಯ ಒಬ್ಬ ಗೆಳತಿಯಾದರೂ ಸರಿ. ಯಾರಾದರೂ ನಿಮ್ಮ ಹತ್ತಿರ ಬಂದು ಹೇಳಿಕೊಂಡರೆ ಅದನ್ನು ಮೂರನೆಯವರಿಗೆ ದಾಟಿಸಬೇಡಿ, "ನೀವು ಮೊದಲೇ ನೋಡಿಕೊಳ್ಳಬಾರದಿತ್ತೇ" ಅನ್ನಬೇಡಿ. ಜೊತೆಗೆ ಆಸ್ಪತ್ರೆಗೆ ಹೋಗಿ ಬನ್ನಿ.

ಈ ಭಾಷಣಕ್ಕೆ ಮುಂಚೆ ಅವ್ವನನ್ನೂ ಕೇಳಿದ್ದೆ, ಹೇಳಲೇನು ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳು. ಡಾಕ್ಟರ್ ಮುಂದ ನಾ ಸುಳ್ಳ ಹೇಳಿದ್ದೂ ಹೇಳು" ಅಂದಳು. ಈಗ ಪಕ್ಕದ ಕೋಣೆಯಲ್ಲಿ ಕೂತು ಕೇಳುತ್ತಿದ್ದಾಳೆ.